ಹೊಲದಲ್ಲಿ ರೋಮನ್ ನಾಣ್ಯದ ಮಡಕೆ ಸಿಕ್ಕರೆ

ಭಾನುವಾರ ಬಂದರೆ ಇಂಗ್ಲೆಂಡಿನ ಸಾಮರ್ಸೆಟ್ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಲೆಯುವವನು ನಾನು. ಹೊಸಬರಿಗೆ ಮೊದಲ ಮಾತು: ಹೊಲದ ಯಜಮಾನರನ್ನು ಕೇಳದೆ ಕಾಲಿಡಬೇಡಿ. ಒಂದೇ ಕಡೆ ನಾಲ್ಕಾರು ನಾಣ್ಯ, ಮಡಕೆ ಚೂರು ಕಂಡರೆ ಗುದ್ದಲಿ ಕೆಳಗಿಡಿ. ಕಷ್ಟ, ಗೊತ್ತು. ಕೈ ತುರಿಸುತ್ತದೆ.

2010ರಲ್ಲಿ ಫ್ರೂಮ್ ಊರಿನ ಹತ್ತಿರ ಡೇವ್ ಕ್ರಿಸ್ಪ್ ಎಂಬ ಡಿಟೆಕ್ಟರ್ ಹವ್ಯಾಸಿ ಮಾಡಿದ್ದು ಇದನ್ನೇ. ಅಗೆಯುವುದನ್ನು ನಿಲ್ಲಿಸಿ ಪುರಾತತ್ವದವರನ್ನು ಕರೆದರು. ಅವರು ಪದರ ಪದರವಾಗಿ ತೆಗೆದರು. ಒಂದೇ ಮಡಕೆಯಲ್ಲಿ 52,503 ನಾಣ್ಯ! ರೋಮನ್ ಕಾಲದಲ್ಲಿ ಬ್ರಿಟನ್ ಆಳಿದ ಕರೌಸಿಯಸ್ ದೊರೆಯ ಹೊಸ ನಾಣ್ಯಗಳು ಹೆಚ್ಚಾಗಿ ಕೆಳಗಡೆ ಇದ್ದವು, ಅವುಗಳ ಮೇಲೆ ಹಳೆಯವು. ವರ್ಷ ವರ್ಷ ಕೂಡಿಟ್ಟಿದ್ದರೆ ಉಲ್ಟಾ ಇರಬೇಕಿತ್ತು, ಅಲ್ವಾ? ಅಂದರೆ ಒಂದೇ ಸಲಕ್ಕೆ ತುಂಬಿದ್ದಿರಬೇಕು. ಚೀಲಕ್ಕೆ ಸುರಿದುಕೊಂಡು ಹೋಗಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಜಾಗದ ಫೋಟೋ ತೆಗೆಯಿರಿ. ಗುಂಡಿ ಮುಚ್ಚಿ, ಬಾಯಿಯನ್ನೂ ಮುಚ್ಚಿ. ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ, ಆ ಕೌಂಟಿಯ (ಜಿಲ್ಲೆಯ) ಫೈಂಡ್ಸ್ ಲಿಯೇಸಾನ್ ಆಫೀಸರ್‌ಗೆ ಫೋನ್ ಮಾಡಿ. 1996ರ ಟ್ರೆಷರ್ (ನಿಧಿ) ಕಾನೂನಿನಂತೆ 14 ದಿನದೊಳಗೆ, ಸಾವು ಮತ್ತು ನಿಧಿಯ ವಿಚಾರಣೆ ನಡೆಸುವ ಅಧಿಕಾರಿಯಾದ ಕರೋನರ್‌ಗೆ ವಿಷಯ ಮುಟ್ಟಬೇಕು. ಮ್ಯೂಸಿಯಂ ಕೊಂಡರೆ ದುಡ್ಡು ಸಾಮಾನ್ಯವಾಗಿ ನಿಮಗೂ ಯಜಮಾನರಿಗೂ ಅರ್ಧ ಅರ್ಧ. ಸುಮ್ನೆ ಗೆಳೆಯರಿಗೆ ಒಂದೊಂದು ಹಂಚಬೇಡಿ.

ತೊಳೆಯಲೂಬೇಡಿ. ನನ್ನ ಮೊದಲ ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದೆ, ಅಮ್ಮ ತಾಮ್ರದ ಚೊಂಬು ಉಜ್ಜುವ ಹಾಗೆ. ದೊರೆಯ ಮುಖವೇ ಹೋಯಿತು.