ಮಂಗಳೂರಿನ ಪಾರ್ಕಿನಲ್ಲಿ ನೆರಳಿನ ಮರ ಬೆಳೆಸುವ ಬಗೆ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಆಕಾಶದಿಂದ ಹನಿ ನೀರನ್ನೂ ನಂಬುವಂತಿಲ್ಲ. ಇಲ್ಲಿನ ಪಾರ್ಕುಗಳಲ್ಲಿ ನೆಟ್ಟ ಸಸಿ ಮೊದಲ ಮಳೆಗಾಲದಲ್ಲಿ ಬೇರು ಕೊಳೆತು ಸಾಯಬಹುದು, ಅದನ್ನು ದಾಟಿದರೆ ಮೊದಲ ಬೇಸಿಗೆಯಲ್ಲಿ ಒಣಗಿ ಸಾಯಬಹುದು. ಸಸಿ ನೆಡುವವರು ಈ ಎರಡನ್ನೂ ಗುಂಡಿ ತೋಡುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಡಾವಣೆಯ ಪಾರ್ಕು ಸಾಮಾನ್ಯವಾಗಿ ಮಹಾನಗರ ಪಾಲಿಕೆಯ ಸ್ವತ್ತು. ಆದ್ದರಿಂದ ಪಾಲಿಕೆಗೆ ಒಂದು ಅರ್ಜಿ ಕೊಟ್ಟು, ನೀರಿನ ಕೊಳವೆ ಮತ್ತು ವಿದ್ಯುತ್ ಕೇಬಲ್ ಎಲ್ಲಿ ಹಾದುಹೋಗಿವೆ ಎಂಬುದನ್ನು ತಿಳಿದುಕೊಂಡೇ ಜಾಗ ಗುರುತಿಸಿ. ಹಳೆಯ ಮರವೊಂದು ಅಡ್ಡವಾಗಿದೆಯೆಂದು ನೀವೇ ಕಡಿಯುವಂತಿಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಅದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು.

ಗುಂಡಿಯ ಕೆಲಸ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ ಮುಗಿದಿರಬೇಕು. ಕದ್ರಿ ಗುಡ್ಡದಂಥ ಎತ್ತರದ ಜಾಗಗಳಲ್ಲಿ ಮೇಲ್ಮಣ್ಣು ತೆಳು, ಅದರಡಿ ಮುರಕಲ್ಲು. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಗೆ ಪಿಕ್ಕಾಸಿನಿಂದಲೇ ಏಟು ಹಾಕಬೇಕಾಗುತ್ತದೆ. ಹಾಗೆ ಕಡಿದ ಗುಂಡಿ ಎಷ್ಟೋ ಕಡೆ ಕಲ್ಲಿನ ಮರಿಗೆಯಂತಾಗಿ, ಮಳೆ ಬಂದಾಗ ತುಂಬಿಕೊಂಡ ನೀರಿಗೆ ಇಳಿದುಹೋಗುವ ದಾರಿಯೇ ಇರುವುದಿಲ್ಲ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ನಾನು ಮೊದಲ ಸಲ ನೆಟ್ಟ ಹಲಸಿನ ಸಸಿ ಹೀಗೆಯೇ ಹೋಯಿತು: ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ ಹೊತ್ತಿಗೆ, ಎಲೆ ಹಳದಿಯಾದಾಗ ಗೊಬ್ಬರ ಸಾಲದೆಂದು ಇನ್ನಷ್ಟು ಸುರಿದೆ, ಕಿತ್ತು ನೋಡಿದಾಗ ಬೇರು ಕಪ್ಪಾಗಿ ನಾರುತ್ತಿತ್ತು.

ಅಂದಿನಿಂದ ಗುಂಡಿಯನ್ನು ಮೊದಲು ಪರೀಕ್ಷಿಸುತ್ತೇನೆ. ಸಂಜೆ ಅದರ ತುಂಬ ನೀರು ಹೊಯ್ದು ಮರುದಿನ ಬೆಳಿಗ್ಗೆ ನೋಡಿ. ನೀರು ಪೂರ್ತಿ ಇಳಿದಿದ್ದರೆ ಸರಿ. ಅರ್ಧದಷ್ಟು ಉಳಿದಿದ್ದರೆ ತಳದ ಕಲ್ಲನ್ನು ಸಲಾಕೆಯಿಂದ ಒಡೆದು ಬಿರುಕು ಮಾಡಿ, ಅಥವಾ ಇಳಿಜಾರಿನ ಕಡೆಗೆ ಒಂದು ಸಣ್ಣ ಕಣಿ ತೆಗೆಯಿರಿ. ಅದೂ ಆಗದಿದ್ದರೆ ಆ ಜಾಗವನ್ನು ಬಿಟ್ಟುಬಿಡುವುದೇ ಒಳ್ಳೆಯದು.

ತಣ್ಣೀರುಬಾವಿಯ ಕಡೆಯ ಕಥೆ ಬೇರೆ. ಗುರುಪುರ ನದಿಗೂ ಕಡಲಿಗೂ ನಡುವೆ ಇರುವ ಆ ಮರಳಿನ ಪಟ್ಟಿಯಲ್ಲಿ ನೀರು ನಿಲ್ಲುವುದೇ ಇಲ್ಲ. ಅಲ್ಲಿ ಗುಂಡಿಯ ತಳದಲ್ಲಿ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗುವಂತೆ ಎರಡು ವರಸೆ ಜೋಡಿಸಿದರೆ ತೇವ ಹೆಚ್ಚು ದಿನ ಉಳಿಯುತ್ತದೆ. ತೆಂಗಿನ ತೋಟದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕಡಲಿಗೆ ಮುಖಮಾಡಿದ ಪಾರ್ಕಿಗೆ ಸುರಹೊನ್ನೆ, ಹೊಂಗೆ, ಹೂವರಸಿಗಳನ್ನು ಆರಿಸಿಕೊಳ್ಳಿ. ಉಪ್ಪುಗಾಳಿ ಬಡಿದ ಎಳೆಯ ಸಸಿಯ ಎಲೆಗಳ ಅಂಚು ಬೆಂಕಿಗೆ ಹಿಡಿದಂತೆ ಕಂದಾಗುತ್ತದೆ, ಆದರೆ ಸುರಹೊನ್ನೆಯ ದಪ್ಪ ಹೊಳಪಿನ ಎಲೆ ಇದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಕಡಲಿನಿಂದ ಒಳಗಿರುವ ಪಾರ್ಕುಗಳಿಗೆ ರೆಂಜೆ, ನೇರಳೆ, ಹೊಳೆದಾಸವಾಳ, ಪುನರ್ಪುಳಿ ಹೊಂದುತ್ತವೆ. ನನ್ನನ್ನು ಕೇಳಿದರೆ ರೆಂಜೆಗೇ ಮೊದಲ ಮಣೆ: ವರ್ಷವಿಡೀ ಹಸಿರು, ದಟ್ಟ ನೆರಳು, ಬೆಳಿಗ್ಗೆ ಉದುರಿದ ಹೂವನ್ನು ಆಯ್ದುಕೊಳ್ಳಲು ಮಕ್ಕಳೂ ಅಜ್ಜಿಯಂದಿರೂ ಬರುತ್ತಾರೆ. ಗುಲ್‌ಮೊಹರ್ ಬೇಗ ಬೆಳೆಯುತ್ತದೆ ನಿಜ, ಆದರೆ ಅದರ ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುತ್ತದೆ. ತೆಂಗನ್ನು ನಡೆಯುವ ದಾರಿಯ ಪಕ್ಕ ನೆಡಬಾರದು. ಕಾರಣವನ್ನು ಕರಾವಳಿಯವರಿಗೆ ವಿವರಿಸಬೇಕಿಲ್ಲ.

ವನಮಹೋತ್ಸವ ಜುಲೈ ಮೊದಲ ವಾರದಲ್ಲಿ ಬರುತ್ತದೆ. ನಮ್ಮ ಕರಾವಳಿಗೆ ಅದು ತಡ. ಜೂನ್ ಮೊದಲಲ್ಲಿ ಮಳೆ ಹಿಡಿದು ಮಣ್ಣು ಒಂದಡಿ ನೆನೆದ ಕೂಡಲೇ ನೆಟ್ಟರೆ, ಆಟಿಯ ಜಡಿಮಳೆ ಬರುವಷ್ಟರಲ್ಲಿ ಬೇರು ಮಣ್ಣನ್ನು ಹಿಡಿದುಕೊಂಡಿರುತ್ತದೆ. ನಾಲ್ಕೈದು ಅಡಿ ಎತ್ತರದ, ನೆಟ್ಟಗಿನ ಕಾಂಡದ ಸಸಿಯನ್ನೇ ನರ್ಸರಿಯಿಂದ ತನ್ನಿ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಹರಿದು ತೆಗೆದು, ತಳದಲ್ಲಿ ಸುತ್ತಿಕೊಂಡಿರುವ ಬೇರುಗಳನ್ನು ಬಿಡಿಸಿ ನೆಡಿ. ಸಸಿಯ ಬುಡ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರದ ದಿಬ್ಬದ ಮೇಲಿರಲಿ. ಆಧಾರದ ಕೋಲನ್ನು ಗಾಳಿ ಬೀಸುವ ಪಡುವಣ ದಿಕ್ಕಿಗೆ ಊರಿ, ತೆಂಗಿನ ನಾರಿನ ಹಗ್ಗವನ್ನು ಕೋಲಿಗೂ ಕಾಂಡಕ್ಕೂ ನಡುವೆ ಅಡ್ಡಹಾಯಿಸಿ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ಹುರಿ ಬೇಡ, ಒಂದೇ ವರ್ಷದಲ್ಲಿ ಅದು ತೊಗಟೆಯನ್ನು ಕೊಯ್ಯುತ್ತದೆ.

ಇಂಟರ್‌ಲಾಕ್ ಹಾಸಿ ಪಾರ್ಕನ್ನು ಸುಂದರಗೊಳಿಸುವ ಯೋಜನೆ ಬಂದಾಗ ಮರದ ಬುಡವನ್ನು ಮುಚ್ಚಲು ಬಿಡಬೇಡಿ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಜಾಗವನ್ನು ಕಾಂಕ್ರೀಟಿನಿಂದ ಬಿಡಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತ್ತು. ಪಾಲಿಕೆಯೊಡನೆ ಮಾತಾಡುವಾಗ ಆ ಒಂದು ಮೀಟರಿನ ಅಳತೆಯನ್ನೇ ಮುಂದಿಡಿ.

ನವೆಂಬರ್‌ನಲ್ಲಿ ಬುಡದ ಸುತ್ತ ತರಗೆಲೆಯನ್ನು ಅರ್ಧ ಅಡಿ ದಪ್ಪಕ್ಕೆ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಡಿಸೆಂಬರ್‌ನಿಂದ ಮಳೆ ಬರುವ ತನಕ ವಾರಕ್ಕೆ ಎರಡು ಬಾರಿ, ಪ್ರತಿ ಸಲ ಒಂದು ಕೊಡ ನೀರನ್ನು ನಿಧಾನವಾಗಿ ಎರೆಯಬೇಕು. ದಿನವೂ ಚೊಂಬಿನಷ್ಟು ಚಿಮುಕಿಸಿದರೆ ಬೇರು ಆಳಕ್ಕೆ ಇಳಿಯದೆ ಮೇಲೆಯೇ ಹರಡುತ್ತದೆ. ಯಾವ ವಾರ ಯಾರ ಮನೆಯ ಸರದಿ ಎಂಬುದನ್ನು ಗೇಟಿನ ಬಳಿ ಬರೆದು ಹಾಕಿ. ಎರಡು ಬೇಸಿಗೆ ಹೀಗೆ ನೋಡಿಕೊಂಡ ಮೇಲೆ, ಮೂರನೆಯ ಮಳೆಗಾಲಕ್ಕೆ ಮುನ್ನ ಆಧಾರದ ಕೋಲನ್ನು ಕೀಳಿ, ಆಳೆತ್ತರಕ್ಕಿಂತ ಕೆಳಗಿನ ಕೊಂಬೆಗಳನ್ನು ಸವರಿ, ಸಸಿಯ ಸುತ್ತ ಕಬ್ಬಿಣದ ಬೇಲಿ ಹಾಕಿದ್ದರೆ ಅದು ಕಾಂಡವನ್ನು ಒತ್ತುವ ಮೊದಲೇ ಬಿಚ್ಚಿ ಮುಂದಿನ ಸಸಿಗೆ ಎತ್ತಿಡಿ.