ಕಣ್ಣೀರಿನ ಬಿರಡೆ ಚುಚ್ಚುತ್ತಿದ್ದರೆ

ಗದಗಿನ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ಎಲ್ಲಿ ಒತ್ತು ಬಿಟ್ಟುಹೋಗಿದೆ, ಎಲ್ಲಿ ಸೊನ್ನೆ ಉದುರಿದೆ ಎಂದು ಹುಡುಕುವ ಕೆಲಸ. ಕಣ್ಣೇ ನನ್ನ ಅನ್ನ. ಮೂರು ವರ್ಷಗಳ ಹಿಂದೆ ಆ ಕಣ್ಣಿನಲ್ಲಿ ನೀರು ಬತ್ತಿತು. ಮಧ್ಯಾಹ್ನದ ಹೊತ್ತಿಗೆ ಮರಳು ಎರಚಿದಂತೆ ಕರಕರ, ಸಂಜೆಗೆ ಉರಿ. ಹುಬ್ಬಳ್ಳಿಯಲ್ಲಿ ರೆಪ್ಪೆಯ ಅಂಚಿಗೆ ತೆಳ್ಳನೆಯ ಕಾಗದದ ಪಟ್ಟಿ ಸಿಕ್ಕಿಸಿ ಪರೀಕ್ಷಿಸಿದರು. ಐದು ನಿಮಿಷದಲ್ಲಿ 10 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾಗಬೇಕಿದ್ದ ಪಟ್ಟಿ ನನಗೆ 3 ಮಿಲಿಮೀಟರ್ ಒದ್ದೆಯಾಯಿತು. ರಕ್ತಪರೀಕ್ಷೆಯ ನಂತರ ಷೋಗ್ರೆನ್ ಸಿಂಡ್ರೋಮ್ ಎಂದು ತಿಳಿಯಿತು. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು.

ಹನಿ ಔಷಧ ಸಾಲದಾದಾಗ ಪ್ಲಗ್ ಹಾಕಿದರು. ನಾನು ಅದನ್ನು ಬಿರಡೆ ಎನ್ನುತ್ತೇನೆ, ಏಕೆಂದರೆ ಅದು ಮಾಡುವುದು ಬಿರಡೆಯ ಕೆಲಸವನ್ನೇ. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಸ್ವಲ್ಪ ಕೆಳಗೆಳೆದು ನೋಡಿದರೆ ಮೂಗಿನ ಕಡೆಯ ತುದಿಯಲ್ಲಿ ಸಣ್ಣ ಉಬ್ಬೊಂದು ಕಾಣುತ್ತದೆ. ಅದರ ನೆತ್ತಿಯಲ್ಲಿ ಸೂಜಿ ಚುಚ್ಚಿದಷ್ಟು ರಂಧ್ರ. ಮೇಲಿನ ರೆಪ್ಪೆಯಲ್ಲೂ ಇಂಥದೊಂದಿದೆ. ಕಣ್ಣೀರು ಈ ರಂಧ್ರಗಳಿಂದ ಇಳಿದು ಮೂಗಿಗೆ ಹೋಗುತ್ತದೆ. ಅತ್ತಾಗ ಮೂಗು ಸುರಿಯುವುದು ಇದರಿಂದಲೇ. ಬಿರಡೆ ಹಾಕಿದರೆ ಇರುವ ಅಷ್ಟಿಷ್ಟು ನೀರು ಕಣ್ಣಲ್ಲೇ ನಿಲ್ಲುತ್ತದೆ. ನನ್ನದು ಸಿಲಿಕೋನಿನದು, ಎಳ್ಳಿಗಿಂತ ಚಿಕ್ಕದು, ಎರಡೂ ಕಣ್ಣಿನ ಕೆಳರೆಪ್ಪೆಯಲ್ಲಿ. ಮರಗಟ್ಟಿಸುವ ಹನಿ ಹಾಕಿ ಕೂರಿಸಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ, ನೋಯಲಿಲ್ಲ. ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ.

ಎಡಗಣ್ಣು ಮೂಲೆಯಲ್ಲಿ ಚುಚ್ಚುತ್ತಿತ್ತು. "ತಾಳಿದವನು ಬಾಳಿಯಾನು" ಎಂದು ಕೇಳುತ್ತಲೇ ಬೆಳೆದವಳು ನಾನು. ಹತ್ತು ದಿನ ತಾಳಿದೆ. ಆ ಹತ್ತು ದಿನ ತಾಳಬೇಕಾಗಿರಲಿಲ್ಲ. ಯಾವ ನೋವನ್ನು ತಾಳಬೇಕು, ಯಾವುದನ್ನು ತಾಳಬಾರದು ಎಂಬ ವ್ಯತ್ಯಾಸ ಅಂದು ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಎರಡು ಮೂರು ದಿನ ಮೂಲೆಯಲ್ಲಿ ಏನೋ ಇದೆ ಎನಿಸುವುದು ಸಹಜ. ರೆಪ್ಪೆಕೂದಲು ಬಿದ್ದಾಗ ಆಗುವಂಥ ಇರುಸುಮುರುಸು. ದಿನದಿಂದ ದಿನಕ್ಕೆ ಅದು ಕಡಿಮೆಯಾಗುತ್ತಿದ್ದರೆ ಚಿಂತೆ ಬೇಡ. ಒಗೆದ ಮೆತ್ತನೆಯ ಹತ್ತಿಬಟ್ಟೆಯನ್ನು ಕುದಿಸಿ ಆರಿಸಿದ ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಟ್ಟುಕೊಳ್ಳಿ. ಬಟ್ಟೆಯ ಭಾರ ಮಾತ್ರ ಬೀಳಲಿ, ಬೆರಳಿನಿಂದ ಒತ್ತಬೇಡಿ. ವೈದ್ಯರು ಹೇಳಿದ ತೇವದ ಹನಿ ಹಾಕಿಕೊಂಡರೂ ಉಜ್ಜಾಟ ತಗ್ಗುತ್ತದೆ.

ನನ್ನ ಚುಚ್ಚು ಬೇರೆ ಬಗೆಯದಾಗಿತ್ತು. ಕರಡಿನಲ್ಲಿ ಸಾಲಿನ ಬಲತುದಿಯ ಪದ ಓದುವಾಗಲೆಲ್ಲ ಎಡಗಣ್ಣು ಮೂಗಿನ ಕಡೆ ಹೊರಳುತ್ತದೆ. ಸರಿಯಾಗಿ ಅಲ್ಲೇ ಚುಚ್ಚುತ್ತಿತ್ತು. ಎಡತುದಿಗೆ ಬಂದರೆ ಇಲ್ಲ. ಪ್ರತಿ ಸಾಲಿಗೂ ಒಂದು ಚುಚ್ಚು, ಪುಟಕ್ಕೆ ಮೂವತ್ತು. ಹನ್ನೊಂದನೆಯ ದಿನ ಇದನ್ನು ಹೇಳಿದ ಕೂಡಲೇ ವೈದ್ಯೆ ಯಂತ್ರದ ಮುಂದೆ ಕೂರಿಸಿ, ಮೂಗಿನ ಕಡೆ ನೋಡಲು ಹೇಳಿದರು. ಬಿರಡೆಯ ತಲೆ ಪೂರ್ತಿ ಕೂರದೆ ತುಸು ಎದ್ದುನಿಂತಿತ್ತು. ಕಣ್ಣು ಆ ಕಡೆ ತಿರುಗಿದಾಗ ಬಿಳಿಭಾಗಕ್ಕೆ ಉಜ್ಜುತ್ತಿತ್ತು. ಚಿಮುಟದಿಂದ ಅದನ್ನು ತೆಗೆದು ಬೇರೆ ಅಳತೆಯದನ್ನು ಹಾಕಿದರು. ಅಂದು ಸಂಜೆ ಬಸ್ಸಿನಲ್ಲಿ ಮರಳುವಾಗ ಚುಚ್ಚು ಇರಲಿಲ್ಲ.

ಆದ್ದರಿಂದ ಆಸ್ಪತ್ರೆಗೆ ಹೋಗುವ ಮುನ್ನ ಎರಡು ದಿನ ನಿಮ್ಮ ಕಣ್ಣನ್ನು ಗಮನಿಸಿ ಬರೆದಿಡಿ. ಯಾವ ಕಣ್ಣು? ಎತ್ತ ನೋಡಿದಾಗ? ಎವೆಯಿಕ್ಕಿದಾಗಲೋ, ಸುಮ್ಮನಿದ್ದಾಗಲೂ? ಬೆಳಿಗ್ಗೆಯೋ ಸಂಜೆಯೋ? "ಕಣ್ಣು ನೋಯುತ್ತಿದೆ" ಎಂದಷ್ಟೇ ಹೇಳಿದರೆ ವೈದ್ಯರಿಗೆ ಹುಡುಕುವುದು ಕಷ್ಟ. "ಎಡಗಣ್ಣು, ಮೂಗಿನ ಕಡೆ ನೋಡಿದಾಗ" ಎಂದರೆ ಅರ್ಧ ಕೆಲಸ ಮುಗಿದಂತೆ. ಸಿಲಿಕೋನಿನ ಬಿರಡೆಯನ್ನು ತೆಗೆಯಬಹುದು, ಬದಲಿಸಬಹುದು. ಒಮ್ಮೆ ಹಾಕಿಸಿಕೊಂಡೆವು, ಇನ್ನು ಅನುಭವಿಸಲೇಬೇಕು ಎಂಬ ಕಟ್ಟುಪಾಡು ಇಲ್ಲ.

ಆದರೆ ಮೂಗು ಮತ್ತು ಕಣ್ಣಿನ ನಡುವೆ ಕೆಂಪಗೆ ಊದಿಕೊಂಡರೆ, ಕೀವು ಅಥವಾ ಹಳದಿ ಪಿಸುರು ಬಂದರೆ, ನೋವು ಏರುತ್ತಲೇ ಹೋದರೆ, ಬೆಳಕು ಸಹಿಸಲಾಗದಿದ್ದರೆ, ದೃಷ್ಟಿ ಮಬ್ಬಾದರೆ ಬರೆದಿಡುತ್ತ ಕೂರಬೇಡಿ. ಅಂದೇ ಹೋಗಿ. ಕಣ್ಣೀರು ಇಳಿಯುವ ನಾಳದಲ್ಲಿ ಸೋಂಕಾಗಿರಬಹುದು. ತಣ್ಣನೆಯ ಬಟ್ಟೆಗೆ ಬಗ್ಗುವಂಥದಲ್ಲ ಅದು.

ಇನ್ನು ಕೈಯ ವಿಷಯ. ಬಿರಡೆಗೆ ದೊಡ್ಡ ಶತ್ರು ನಮ್ಮ ಬೆರಳು. ನೀರು ಬಂದರೆ ಸೆರಗಿನ ತುದಿಯಿಂದ ಕಣ್ಣಿನ ಮೂಲೆಗೆ ಒಂದು ಗೀರು ಎಳೆಯುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಅದನ್ನು ಬಿಡಲು ತಿಂಗಳೇ ಹಿಡಿಯಿತು. ಈಗ ಸೊಂಟಕ್ಕೆ ಹತ್ತಿಯ ಕರವಸ್ತ್ರ ಸಿಕ್ಕಿಸಿಕೊಂಡಿರುತ್ತೇನೆ. ನೀರು ಕೆನ್ನೆಗೆ ಇಳಿಯಲು ಬಿಟ್ಟು, ಕೆನ್ನೆಯ ಮೇಲೆ ಬಟ್ಟೆ ಒತ್ತಿ ಹೀರಿಸುತ್ತೇನೆ. ಸ್ನಾನವಾದ ಮೇಲೆ ಟವೆಲಿನಿಂದ ಮುಖ ತಿಕ್ಕುವುದಿಲ್ಲ, ಒತ್ತಿ ಒರೆಸುತ್ತೇನೆ. ಕಾಡಿಗೆಯನ್ನು ಮೂಲೆಯವರೆಗೆ ಎಳೆಯುವುದನ್ನೂ ಬಿಟ್ಟಿದ್ದೇನೆ.

ನೀರು ಹೆಚ್ಚಾಗುವುದು ಇನ್ನೊಂದು ಕಿರಿಕಿರಿ. ಹಿಂದೆ ಒಣಗಿ ಉರಿಯುತ್ತಿದ್ದ ಕಣ್ಣು ಈಗ ಈರುಳ್ಳಿ ಹೆಚ್ಚಿದರೆ, ಬಸ್ಸಿನ ಕಿಟಕಿಯಿಂದ ಗಾಳಿ ಹೊಡೆದರೆ ತುಂಬಿ ಹರಿಯುತ್ತದೆ. ಹರಿದುಹೋಗುವ ದಾರಿ ಮುಚ್ಚಿದೆಯಲ್ಲ. ನೀರು ನಿಂತಾಗ ಒತ್ತಕ್ಷರಗಳು ಕಲಸಿಹೋಗುತ್ತವೆ. ಎರಡು ಸಲ ನಿಧಾನವಾಗಿ ಎವೆಯಿಕ್ಕಿದರೆ ತಿಳಿಯಾಗುತ್ತದೆ. ನಾನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುವುದಿಲ್ಲ, ಫ್ಯಾನನ್ನು ಮುಖಕ್ಕೆ ನೇರವಾಗಿ ಹಾಕಿಕೊಳ್ಳುವುದಿಲ್ಲ. ಕೆನ್ನೆಯ ಚರ್ಮ ಒದ್ದೆಯಿಂದ ಕೆಂಪಾದರೆ ತೆಳ್ಳಗೆ ವ್ಯಾಸಲೀನ್ ಸವರುತ್ತೇನೆ, ಕಣ್ಣಿನಿಂದ ದೂರದಲ್ಲಿ. ಮನೆಯೊಳಗೆ ಸುಮ್ಮನೆ ಕುಳಿತಾಗಲೂ ದಿನವಿಡೀ ಕೆನ್ನೆ ಒದ್ದೆಯಾಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಬಿರಡೆ ತೆಗೆಯಬೇಕೋ, ಹನಿ ಕಡಿಮೆ ಮಾಡಬೇಕೋ ಎಂದು ಅವರು ನಿರ್ಧರಿಸುತ್ತಾರೆ.

ಹನಿಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಿರಡೆ ನೀರನ್ನಷ್ಟೇ ಹಿಡಿದಿಡುವುದಿಲ್ಲ, ಕಣ್ಣಿಗೆ ಬಿದ್ದ ಎಲ್ಲವನ್ನೂ ಹೆಚ್ಚು ಹೊತ್ತು ಹಿಡಿದಿಡುತ್ತದೆ. ಅನೇಕ ಹನಿ ಔಷಧಗಳ ಬಾಟಲಿಯಲ್ಲಿ ಕೆಡದಂತೆ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ದಿನಕ್ಕೆ ಹಲವು ಬಾರಿ ಹಾಕಿದರೆ ಅದೇ ಕಣ್ಣನ್ನು ಕೆರಳಿಸುತ್ತದೆ. ಸಂರಕ್ಷಕ ಬೆರೆಸದ ಹನಿ ಸಿಗುತ್ತದೆಯೇ ಎಂದು ಕೇಳಿ. ಬೆಲೆ ಹೆಚ್ಚು, ಆದರೆ ನನ್ನ ಉರಿ ಅರ್ಧ ಇಳಿದದ್ದು ಅದರಿಂದ. ಇದೇ ಕಾರಣಕ್ಕೆ ಕಣ್ಣಿಗೆ ಹರಳೆಣ್ಣೆ, ಜೇನು, ಗುಲಾಬಿ ನೀರು ಹಾಕಬೇಡಿ. ಪಕ್ಕದ ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ, ನಾನೂ ಪ್ರೀತಿಯಿಂದಲೇ ಬೇಡ ಎಂದಿದ್ದೇನೆ. ರೆಪ್ಪೆಯಂಚಿನಲ್ಲಿ ಹೊಟ್ಟು, ಊತ ಇರುವವರು ಅದಕ್ಕೆ ಚಿಕಿತ್ಸೆ ಪಡೆದ ಮೇಲೆಯೇ ಬಿರಡೆ ಹಾಕಿಸಿಕೊಳ್ಳುವುದು ಒಳ್ಳೆಯದು. ನನಗೆ ಮೊದಲು ಉರಿಯೂತ ಇಳಿಸಿ, ಆಮೇಲೆ ಹಾಕಿದರು.

ಬಿರಡೆ ಬಿದ್ದುಹೋಗುವುದೂ ಉಂಟು. ಗಾಬರಿ ಬೇಡ, ಅದು ತುರ್ತು ಸ್ಥಿತಿಯಲ್ಲ. ಸಿಕ್ಕಿದರೂ ಮತ್ತೆ ತುರುಕಬೇಡಿ. ನೋವಿಲ್ಲದಿದ್ದರೆ ಫೋನ್ ಮಾಡಿ ಸಮಯ ಕೇಳಿದರೆ ಸಾಕು. ಕಾಣಿಸುತ್ತಿಲ್ಲ ಎಂದ ಮಾತ್ರಕ್ಕೆ ಬಿದ್ದಿದೆ ಎಂದೂ ಅಲ್ಲ, ಒಳಗೆ ಸರಿದಿರಬಹುದು. ಅದನ್ನು ವೈದ್ಯರೇ ನೋಡಬೇಕು. ನನ್ನ ಬಲಗಣ್ಣಿನದು ನಾಲ್ಕನೆಯ ತಿಂಗಳು ಬಿತ್ತು. ಬಿದ್ದದ್ದು ಕಾಣಲಿಲ್ಲ. ದಿನಕ್ಕೆರಡು ಬಾರಿ ಹಾಕುವ ಔಷಧದ ಹನಿ ಹಿಂದೆ ಮೂಗಿನ ಮೂಲಕ ಗಂಟಲಿಗಿಳಿದು ಕಹಿಯಾಗುತ್ತಿತ್ತು. ಬಿರಡೆ ಹಾಕಿದ ಮೇಲೆ ಆ ಕಹಿ ಹೆಚ್ಚುಕಡಿಮೆ ನಿಂತಿತ್ತು. ಒಂದು ರಾತ್ರಿ ಬಲಗಣ್ಣಿಗೆ ಹನಿ ಹಾಕಿ ಮಲಗಿದಾಗ ಗಂಟಲಲ್ಲಿ ಮತ್ತೆ ಅದೇ ಕಹಿ. ಎದ್ದು ಕನ್ನಡಿಯಲ್ಲಿ ನೋಡಿದೆ, ರಂಧ್ರ ಬರಿದಾಗಿತ್ತು. ಮುಂದಿನ ಸೋಮವಾರ ಹೋಗಿ ಒಂದು ಅಳತೆ ದೊಡ್ಡದನ್ನು ಹಾಕಿಸಿಕೊಂಡು ಬಂದೆ. ಅದು ಈಗಲೂ ಅಲ್ಲೇ ಇದೆ.