ಸೌದೆಗೆ ಹೋಗಬೇಕಿದ್ದ ಮರದ ಡೆಕ್ ಉಳಿಸಿಕೊಂಡದ್ದು: ನನ್ನ ಅನುಭವ

ಸೌದೆ ಮಾಡಿಬಿಡಿ ಎಂದು ಎಲ್ಲರೂ ಹೇಳಿದ ಡೆಕ್, ಅಂದರೆ ಹೊರಗಡೆ ಕೂರಲು ಹಲಗೆ ಹಾಸಿ ಕಟ್ಟಿದ ತೆರೆದ ಅಟ್ಟಣೆ, ಈಗ ಕೆಲವು ಮಳೆಗಾಲ ದಾಟಿ ಗಟ್ಟಿಯಾಗಿ ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಆಗ ತಲೆ ಅಲ್ಲಾಡಿಸಿದವರೇ ಈಗ ಫೋನ್ ಮಾಡಿ "ಅದೇನು ಎಣ್ಣೆ ಹಾಕಿದ್ದೀಯ, ಹೇಳು ಮಾರಾಯ" ಎಂದು ಕೇಳುತ್ತಾರೆ. ಎಣ್ಣೆ ಕೊನೆಯ ಕೆಲಸ. ಅದಕ್ಕೆ ಮುಂಚಿನದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಅದನ್ನೇ ಜಾಸ್ತಿ ಬರೆಯುತ್ತೇನೆ. ಡ್ರಿಲ್ಲು, ಸ್ಯಾಂಡರ್ ಹಿಡಿದು ಅಭ್ಯಾಸ ಇರುವವರಿಗೆ ಬರೆದದ್ದು ಇದು.

ನಮ್ಮದು ಕೊಡಗಿನ ಗಾಳಿಬೀಡು ಕಡೆ. ಡೆಕ್ ಹೋಂಸ್ಟೇ ಮುಂದೆ ಇಳಿಜಾರಿನ ಮೇಲೆ ಚಾಚಿಕೊಂಡಿದೆ, ಸುಮಾರು 20 ಅಡಿಗೆ 14 ಅಡಿ. ಮೇಲಿನ ಹಲಗೆ ತೇಗ, ನಾಲ್ಕು ಇಂಚು ಅಗಲ, ಒಂದೂಕಾಲು ಇಂಚು ದಪ್ಪ, ಹತ್ತಡಿ ಉದ್ದದ ತುಂಡುಗಳು. ಅಡಿಯ ತೊಲೆ ಮಾತ್ರ ಸಿಲ್ವರ್ ಓಕ್. ತೋಟದಲ್ಲೇ ಮರ ಇದೆ, ದುಡ್ಡು ಉಳಿಯುತ್ತದೆ ಎಂದು ಕಟ್ಟಿಸುವಾಗ ಕಂಟ್ರಾಕ್ಟರ್ ಅದನ್ನೇ ಕೊಯ್ಸಿದ. ಸಿಲ್ವರ್ ಓಕ್ ಕರಿಮೆಣಸಿನ ಬಳ್ಳಿ ಹಬ್ಬಿಸಲು ಒಳ್ಳೆಯದು, ಮನೆಯೊಳಗಿನ ಕೆಲಸಕ್ಕೂ ನಡೆಯುತ್ತದೆ. ಮಳೆ ಬೀಳುವ ಜಾಗದಲ್ಲಿ ಅದು ನಿಲ್ಲುವುದಿಲ್ಲ. 2018ರ ಆಗಸ್ಟ್ ಮಳೆ ನಿಮಗೆಲ್ಲ ನೆನಪಿದೆ ಅಲ್ವಾ, ಆ ವರ್ಷ ನೆನೆದ ಡೆಕ್ ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬ ಬಂದರೂ ಪೂರ್ತಿ ಒಣಗಲಿಲ್ಲ. ಅಲ್ಲಿಂದಲೇ ಅದು ಕೆಡಲು ಶುರುವಾದದ್ದು.

ಮೊದಲು ಹಾಕಿಸಿದ್ದು ಪಾಲಿಯುರೆಥೇನ್ ವಾರ್ನಿಶ್. ಬಯಲುಸೀಮೆಯಲ್ಲಿ ಕೆಲಸ ಮಾಡಿ ಹೆಸರು ಮಾಡಿದ ಪೇಂಟರ್ ಒಬ್ಬರು ಬಂದು ಐದು ವರ್ಷ ತಿರುಗಿ ನೋಡಬೇಡಿ ಎಂದರು. ಬೇಸಿಗೆಯಲ್ಲಿ ಕನ್ನಡಿ ಹಾಗೆ ಹೊಳೆಯಿತು. ಜುಲೈ-ಆಗಸ್ಟಿನ ಕಕ್ಕಡ ತಿಂಗಳು ಮುಗಿಯುವಷ್ಟರಲ್ಲಿ ಮೊಳೆ ಸುತ್ತ ಸಣ್ಣ ಗುಳ್ಳೆ ಎದ್ದವು, ಆಮೇಲೆ ಬಿಳಿ ಮಚ್ಚೆ, ಡಿಸೆಂಬರ್ ಬಿಸಿಲಿಗೆ ಪೊರೆ ಸುಲಿದು ಬಂತು. ಅಡಿಯಲ್ಲಿ ಮರ ಕಪ್ಪು. ಕೆರೆದು ಮತ್ತೆ ಬಳಿಸಿದ್ದಾಯಿತು, ಮತ್ತೆ ಅದೇ ಕಥೆ. ಎರಡು ಸಲಕ್ಕೂ ಸೇರಿ 35 ಸಾವಿರದ ಹತ್ತಿರ ಹೋಯಿತು. ನೀರು ಮೊಳೆ ತೂತಿನಿಂದಲೂ ಹಲಗೆಯ ಕೊಯ್ದ ತುದಿಯಿಂದಲೂ ಒಳಗೆ ಇಳಿಯುತ್ತದೆ, ಮೇಲಿನ ಪೊರೆ ಅದನ್ನು ಹೊರಗೆ ಬಿಡುವುದಿಲ್ಲ. ನಮ್ಮ ಕಡೆ ಸಾಧಾರಣ ವರ್ಷದಲ್ಲೂ 120 ಇಂಚು ಮಳೆ ಇದೆ. ಕುಶಾಲನಗರದಲ್ಲಿ ಅದರ ಅರ್ಧವೂ ಬೀಳುವುದಿಲ್ಲ. ಅಲ್ಲಿ ತಡೆಯುವ ವಾರ್ನಿಶ್ ಇಲ್ಲಿ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆಮೇಲೆ ಎಲ್ಲ ಕಿತ್ತು ಪ್ಲಾಸ್ಟಿಕ್ ಬೆರೆಸಿದ ಹಲಗೆ ಹಾಕಲು ಒಬ್ಬರಿಂದ ಲೆಕ್ಕ ಕೇಳಿದೆ. ಅಡಿಯ ಕಬ್ಬಿಣದ ಕೆಲಸವೂ ಸೇರಿ ಎರಡೂವರೆ ಲಕ್ಷ ಎಂದರು. ಭಾವ ಅದನ್ನೇ ಮಾಡಿಸು ಎಂದ. ನಮ್ಮ ಆಚಾರಿ ಹಲಗೆಯನ್ನು ಕಾಲಲ್ಲಿ ತಟ್ಟಿ, "ಇದು ಬಚ್ಚಲೊಲೆಗೆ ಸರಿ ಸಾರ್, ಇನ್ಯಾಕೆ ಕೂಲಿ ದಂಡ" ಎಂದರು. ನಾನು ಮೊದಲು ಒಂದೇ ಒಂದು ಹಲಗೆ ಬಿಚ್ಚಿ ನೋಡೋಣ ಎಂದೆ.

ಬಿಚ್ಚಿದ್ದು ಒಳ್ಳೆಯದಾಯಿತು. ತೊಲೆಯ ಮೇಲ್ಮೈ, ಹಲಗೆ ಕೂತಿದ್ದ ಜಾಗದಲ್ಲಿ, ಗುಂಡಿಗೆ ಹಾಕಿದ ಕಾಫಿ ಸಿಪ್ಪೆಯಷ್ಟು ಮೆತ್ತಗೆ ಆಗಿತ್ತು, ಉಳಿ ಎರಡು ಇಂಚು ಸುಮ್ನೆ ಇಳಿಯಿತು. ಆದರೆ ತೇಗದ ಹಲಗೆ ಮಗುಚಿದರೆ ಅಡಿಯ ಮುಖದಲ್ಲಿ ಮಿಲ್ಲಿನ ಗರಗಸದ ಗೆರೆ ಇನ್ನೂ ಹಾಗೇ ಇತ್ತು. ಉಳಿ ಚುಚ್ಚಿದರೆ ಕಾಲು ಇಂಚು ಹೋಗಲಿಲ್ಲ. ತುದಿಯಲ್ಲಿ ಮೂರು ಇಂಚು ಕೊಳೆತಿತ್ತು, ಮೊಳೆ ಸುತ್ತ ಒಂದು ರೂಪಾಯಿ ನಾಣ್ಯದಗಲ ಕಪ್ಪಾಗಿತ್ತು, ಅಷ್ಟೇ. ಅಂದರೆ ಹಾಳಾದದ್ದು ತೊಲೆ, ಮೊಳೆ ಮತ್ತು ತುದಿ. ಹಲಗೆ ತಿರುಗಿಸಿ ಹಾಕಿದರೆ ಹೊಸ ಡೆಕ್. ಆಚಾರಿಗೆ ತೋರಿಸಿದೆ. ಅವರು ಆಗಲೂ ಪೂರ್ತಿ ಒಪ್ಪಲಿಲ್ಲ, ಆದರೆ ಕೆಲಸಕ್ಕೆ ಬಂದರು.

ತುಕ್ಕು ಹಿಡಿದ ಮೊಳೆಯನ್ನು ಮೇಲಿಂದ ಕಿತ್ತರೆ ಹಲಗೆ ಸೀಳುತ್ತದೆ. ಅಡಿಗೆ ನುಗ್ಗಿ, ಹಲಗೆಗೂ ತೊಲೆಗೂ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆ ಕತ್ತರಿಸಿ, ಆಮೇಲೆ ಪಂಚ್ ಇಟ್ಟು ಹೊರಕ್ಕೆ ಹೊಡೆಸಿದೆ. ನಿಧಾನದ ಕೆಲಸ. ಆದರೆ ಎಂಬತ್ತಕ್ಕೂ ಹೆಚ್ಚು ತುಂಡುಗಳಲ್ಲಿ ಕೈಬಿಟ್ಟದ್ದು ಹತ್ತರಷ್ಟು ಮಾತ್ರ. ಎರಡೂ ತುದಿ ಕೊಯ್ದು ತೆಗೆದಾಗ ಡೆಕ್ ಒಂದಡಿ ಗಿಡ್ಡವಾಯಿತು. ಮುಂಚೆ ಹಲಗೆಗಳ ನಡುವೆ ಎರಡು ಮಿಲಿಮೀಟರ್ ಸಂದು ಇತ್ತು, ಅದರಲ್ಲಿ ಸಿಲ್ವರ್ ಓಕ್ ಎಲೆ ಸಿಕ್ಕಿಕೊಂಡು ನೀರು ಇಳಿಯುತ್ತಿರಲಿಲ್ಲ. ಈಗ ಆರು ಮಿಲಿಮೀಟರ್ ಬಿಟ್ಟಿದ್ದೇನೆ. ಸಂದು ದೊಡ್ಡದಾದ್ದರಿಂದ ಮೂರ್ನಾಲ್ಕು ತುಂಡು ಕಡಿಮೆ ಸಾಕಾಯಿತು. ಉಳಿದ ಕೊರತೆಗೆ ಅಟ್ಟದಲ್ಲಿದ್ದ ಹಳೆ ಬಾಗಿಲಿನ ಹಲಗೆ ಸರಿಹೋಯಿತು.

ತೊಲೆಗೆ ಮತ್ತಿ ಮರ ತಂದೆ. ಹೊಸ ಮರವಾದರೆ ಒಣಗಿಸುವ ಕಷ್ಟ, ತೋಟದಲ್ಲಿ ಕಡಿಯಲು ಹೋದರೆ ಪರವಾನಗಿ ಓಡಾಟ. ಹಳೆ ಮನೆ ಕೆಡವಿದ ಮರ ಮಾರುವವರ ಹತ್ತಿರ ಎರಡಕ್ಕೆ ನಾಲ್ಕು ಇಂಚಿನದು ಸಿಕ್ಕಿತು, ದಶಕಗಳ ಕಾಲ ಹೆಂಚಿನ ಕೆಳಗೆ ಒಣಗಿ ನಿಂತ ಮರ. 16 ಸಾವಿರದಷ್ಟು ಆಯಿತು. ಅಂಥ ಮರ ಕೊಳ್ಳುವಾಗ ಮುರಿದ ಮೊಳೆ ಹುಡುಕಿ ತೆಗೆಸಿ, ಇಲ್ಲದಿದ್ದರೆ ಬ್ಲೇಡ್ ಹೋಗುತ್ತದೆ.

ಪ್ರತಿ ತೊಲೆಯ ಬೆನ್ನಿಗೆ ಬಿಟುಮೆನ್ ಟೇಪ್ ಅಂಟಿಸಿದೆ, ಶೀಟ್ ಸೋರುವಲ್ಲಿ ಹಾಕುತ್ತಾರಲ್ಲ ಅದೇ. ಟೇಪ್ ತೊಲೆಗಿಂತ ಎರಡೂ ಬದಿ ಅರ್ಧರ್ಧ ಇಂಚು ಅಗಲ ಇರಬೇಕು, ಬದಿಗೆ ಮಡಚಿ ಒತ್ತಬೇಕು. ಸ್ಕ್ರೂ ಹೋದಲ್ಲಿ ಅದೇ ಬಿಗಿಯಾಗಿ ಸುತ್ತಿಕೊಂಡು ನೀರು ತಡೆಯುತ್ತದೆ. ಇಡೀ ಡೆಕ್ಕಿಗೆ ನಾಲ್ಕು ಸಾವಿರವೂ ಆಗಲಿಲ್ಲ. ಇಷ್ಟು ಕಡಿಮೆ ಖರ್ಚಿನ, ಇಷ್ಟು ಉಪಯೋಗದ ಕೆಲಸ ಇನ್ನೊಂದಿಲ್ಲ, ಆದರೂ ನಮ್ಮ ಕಡೆ ಮಾಡುವವರು ಕಡಿಮೆ. ಇನ್ನೊಂದು, ಎರಡು ಹಲಗೆಯ ತುದಿ ಒಂದೇ ತೊಲೆ ಮೇಲೆ ಕೂರುವ ಜಾಗವೇ ಮೊದಲು ಕೊಳೆಯುವುದು. ಅಲ್ಲಿ ಜೋಡಿ ತೊಲೆ ಕೊಟ್ಟು, ತುದಿಗಳ ನಡುವೆ ಅರ್ಧ ಇಂಚು ಬಿಟ್ಟೆ.

ಮೊಳೆ ಬದಲು 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ಸಾವಿರದ ಮುನ್ನೂರು ಹತ್ತಿರ ಬೇಕಾಯಿತು, ಒಂದಕ್ಕೆ ಆರೇಳು ರೂಪಾಯಿ. ಹಳೆ ಮತ್ತಿ ಕಲ್ಲಿನಷ್ಟು ಗಟ್ಟಿ, ಮೊದಲೇ ತೂತು ಹೊಡೆಯದಿದ್ದರೆ ಸ್ಟೇನ್‌ಲೆಸ್ ಸ್ಕ್ರೂ ತಲೆ ಮುರಿದು ಕೈಗೆ ಬರುತ್ತದೆ. ಸ್ಕ್ರೂ ಎಳೆಗೆ ಜೇನುಮೇಣ ಸವರಿಕೊಂಡರೆ ಸಲೀಸು.

ಡೆಕ್ ಬಿಚ್ಚಿದಾಗಲೇ ಅಡಿಯ ಜಾಗವೂ ನೋಡಿಕೊಂಡೆ. ಇಳಿಜಾರಿನ ಮಣ್ಣು ಕೊಚ್ಚಿ ಬಂದು ಮೇಲ್ಗಡೆ ತೊಲೆಗೆ ತಾಗಿ ನಿಂತಿತ್ತು, ಜರಿಗಿಡ ಬೆಳೆದು ಗಾಳಿಯೇ ಆಡುತ್ತಿರಲಿಲ್ಲ. ಒಂದೂವರೆ ಅಡಿ ಮಣ್ಣು ತೆಗೆಸಿ, ಜಲ್ಲಿ ಹರಡಿ, ನೀರು ಹೋಗಲು ಚರಂಡಿ ಮಾಡಿಸಿದೆ. ತೊಲೆಗಳ ಬದಿಗೂ ಅಡಿಗೂ ಗೇರು ಎಣ್ಣೆ ಹೊಡೆದೆ. ಕರಾವಳಿಯಲ್ಲಿ ದೋಣಿಗೆ ಬಳಿಯುತ್ತಾರಲ್ಲ, ಗೇರುಬೀಜದ ಸಿಪ್ಪೆಯಿಂದ ಬರುವ ಎಣ್ಣೆ, ಅದು. ಗೆದ್ದಲಾಗಲಿ ಬೂಷ್ಟಾಗಲಿ ಹತ್ತಿರ ಬರುವುದಿಲ್ಲ. ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ, ಆದ್ದರಿಂದ ಕೈಗವಸು, ಉದ್ದ ತೋಳು, ಕಣ್ಣಿಗೆ ಕನ್ನಡಕ ಕಡ್ಡಾಯ. ನಡೆಯುವ ಮುಖಕ್ಕೆ ಹಾಕಬೇಡಿ, ತಿಂಗಳುಗಟ್ಟಲೆ ಅಂಟುತ್ತದೆ.

ಹಲಗೆ ತೊಳೆಯಲು ಜೀಪು ತೊಳೆಯುವ ಪ್ರೆಶರ್ ವಾಷರ್ ಬೇಡ. ಹತ್ತಿರ ಹಿಡಿದರೆ ಮರದ ನಾರು ಎದ್ದು ಬರುತ್ತದೆ. ನೈಲಾನ್ ಬ್ರಷ್ಷು, ಅಂಟುವಾಳದ ನೀರು ಸಾಕು. ಕಬ್ಬಿಣದ ಬ್ರಷ್ಷೂ ಬೇಡ, ಅದರ ಚೂರು ಮರದಲ್ಲಿ ಉಳಿದು ಮಳೆ ಬಂದಾಗ ಕಪ್ಪು ಚುಕ್ಕೆ ಆಗುತ್ತದೆ. ಮೊಳೆಯ ಕಪ್ಪಿಗೆ ಆಕ್ಸಾಲಿಕ್ ಆಸಿಡ್, ಮೊಸಾಯಿಕ್ ಪಾಲಿಶ್ ಮಾಡುವವರ ಹತ್ತಿರ ಸಿಗುತ್ತದೆ. ಲೀಟರ್ ನೀರಿಗೆ 50-60 ಗ್ರಾಂ ಹಾಕಿ ಬಟ್ಟೆಯಲ್ಲಿ ಸವರಿದೆ. ಅರ್ಧ ಗಂಟೆಯಲ್ಲಿ ಕಪ್ಪು ಕರಗಿ ತೇಗದ ಬಣ್ಣ ಮೇಲೆ ಬಂತು. ನೋಡುತ್ತಿದ್ದ ಆಚಾರಿ ಆಗ ಮೊದಲ ಸಲ "ಪರವಾಗಿಲ್ಲ ಸಾರ್" ಎಂದರು. ಅದು ವಿಷ, ಚೆನ್ನಾಗಿ ತೊಳೆಯಬೇಕು, ನಾಯಿ ದನ ಆ ನೀರು ಕುಡಿಯದ ಹಾಗೆ ನೋಡಿಕೊಳ್ಳಬೇಕು. ಸ್ಯಾಂಡಿಂಗ್ 60, ಆಮೇಲೆ 80 ನಂಬರ್, ಅಷ್ಟಕ್ಕೇ ನಿಲ್ಲಿಸಿ. ಜಾಸ್ತಿ ನಯ ಮಾಡಿದರೆ ಎಣ್ಣೆ ಹೀರುವುದಿಲ್ಲ.

ಈಗ ಒಣಗಿಸುವ ವಿಷಯ. ಮರ ಒಣಗಿದೆಯೋ ಇಲ್ಲವೋ ಎಂದು ಕೈಯಲ್ಲಿ ಮುಟ್ಟಿ ಹೇಳುವುದು ನಮ್ಮ ಮಂಜಿನ ಊರಲ್ಲಿ ನಡೆಯುವುದಿಲ್ಲ. ಕೊಯ್ದು ಉಳಿದ ಒಂದಡಿ ತುಂಡನ್ನು ಡೆಕ್ ಮೇಲೇ ಇಟ್ಟು, ಕಾಫಿ ಔಟ್‌ಟರ್ನ್ (ಒಣ ಕಾಯಿಗೆ ಎಷ್ಟು ಬೀಜ ಬರುತ್ತದೆ ಎಂಬ ಲೆಕ್ಕ) ನೋಡುವ ಸಣ್ಣ ತಕ್ಕಡಿಯಲ್ಲಿ ಎರಡು ಮೂರು ದಿನಕ್ಕೊಮ್ಮೆ ತೂಗಿದೆ. ಶುರುವಿನಲ್ಲಿ 780 ಗ್ರಾಂ ಹತ್ತಿರ ಇತ್ತು, ಇಳಿದು ಇಳಿದು 700ರ ಆಸುಪಾಸು ನಿಂತಿತು. ತೂಕ ಇಳಿಯುವುದು ನಿಂತ ಮೇಲೆಯೇ ಎಣ್ಣೆ. ಮರದ ತೇವ ಅಳೆಯುವ ಮೀಟರ್ ಇದ್ದವರು ಶೇಕಡಾ 15ಕ್ಕಿಂತ ಕೆಳಗೆ ಬರುವವರೆಗೆ ಕಾಯಿರಿ.

ಇದಕ್ಕೆ ನಮಗೆ ಸಿಗುವ ಸಮಯ ತೀರಾ ಕಡಿಮೆ. ಜನವರಿ ಮಧ್ಯದಿಂದ ಫೆಬ್ರವರಿ ಅರ್ಧದವರೆಗೆ, ಅಷ್ಟೇ. ಆಗ ರೊಬಸ್ಟಾ ಕಾಫಿ ಕೊಯ್ಲು ನಡೆಯುತ್ತಿರುತ್ತದೆ, ಆಳು ಸಿಗುವುದಿಲ್ಲ. ಕೊಯ್ಲು ಮುಗಿಯಲಿ ಎಂದು ಕಾದರೆ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೆ. ತೋಟಕ್ಕೆ ಆ ಮಳೆ ಬೇಕೇ ಬೇಕು, ಡೆಕ್ಕಿಗೆ ಬೇಡ. ಸ್ಪ್ರಿಂಕ್ಲರ್ ಹಾಕುವವರು ಡೆಕ್ ಕಡೆಯ ಜೆಟ್ ತಿರುಗಿಸಿಕೊಳ್ಳಿ. ದಿನದಲ್ಲೂ ಹಾಗೆಯೇ, ಇಬ್ಬನಿ ಆರಿದ ಮೇಲೆ ಹನ್ನೊಂದಕ್ಕೆ ಶುರು ಮಾಡಿ ಮೂರಕ್ಕೆ ಮುಗಿಸಬೇಕು.

ಎಣ್ಣೆ ಯಾವುದು? ಅಂಗಡಿಯಲ್ಲಿ ಸಿಗುವ ಹೊರಾಂಗಣದ ಡೆಕ್ ಆಯಿಲ್, ಬಣ್ಣ ಬೆರೆತದ್ದು. ಬಣ್ಣ ಇಲ್ಲದ್ದು ಬಿಸಿಲು ತಡೆಯುವುದಿಲ್ಲ. ಮೊದಲ ಕೋಟ್ ತೆಳು ಮಾಡಿ, ಬಟ್ಟೆಯಲ್ಲಿ ಉಜ್ಜಿ, ಇಪ್ಪತ್ತು ನಿಮಿಷ ಬಿಟ್ಟು ಮರ ಕುಡಿಯದೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು. ಹೊಳಪು ಉಳಿದ ಜಾಗ ಆಮೇಲೆ ಅಂಟುತ್ತದೆ. ಆ ಮೊದಲ ಕೋಟಿಗೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ, ಕೊಯ್ದ ತುದಿಗಳಿಗೆ ಬೇರೆಯೇ ಒಂದು ತಯಾರಿ ಇದೆ. ಅವೆರಡೂ ಸದ್ಯ ನನ್ನ ಹತ್ತಿರವೇ ಇರಲಿ, ಇಲ್ಲಿ ಬರೆದಷ್ಟು ಮಾಡಿದರೂ ನಿಮ್ಮ ಡೆಕ್ ನಿಲ್ಲುತ್ತದೆ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ. ತಾನಾಗಿಯೇ ಬಿಸಿಯಾಗಿ ಬೆಂಕಿ ಹಿಡಿಯುತ್ತದೆ. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಎಣ್ಣೆ ಆರಿಸುವ ಮುಂಚೆ ಒಂದು ಮಳೆಗಾಲ ಪೂರ್ತಿ ಪರೀಕ್ಷೆ ಮಾಡಿದ್ದೆ. ಹಲಗೆ ತುಂಡುಗಳಿಗೆ ಒಂದೊಂದು ಹಚ್ಚಿ, ಕಾಫಿ ಕಣದ ಮೋಟುಗೋಡೆ ಮೇಲೆ ಸಾಲಾಗಿ ಇಟ್ಟೆ. ಹಸಿ ಅಗಸೆ ಎಣ್ಣೆ ಹಚ್ಚಿದ್ದು ಜುಲೈಗೇ ಕಪ್ಪು ಬೂಷ್ಟು, ಆ ಎಣ್ಣೆ ಬೂಷ್ಟಿಗೆ ಊಟ. ಹೊಂಗೆ ಎಣ್ಣೆ ಒಣಗಲೇ ಇಲ್ಲ, ಧೂಳು ಹಿಡಿಯಿತು. ಹಳೆ ಎಂಜಿನ್ ಆಯಿಲ್ ಹಾಕು ಎಂದು ತುಂಬಾ ಜನ ಹೇಳುತ್ತಾರೆ. ಬೇಲಿ ಗೂಟಕ್ಕೂ ನಾನು ಹಾಕುವುದಿಲ್ಲ, ಮಣ್ಣು ಕೆಡುತ್ತದೆ, ನೀರು ಹರಿದು ಹೋಗುವುದು ತೋಡಿಗೇ ಅಲ್ವಾ.

ಇನ್ನೊಂದು ಪ್ರಯೋಗ ಬೋರ್ಡೋ ದ್ರಾವಣ. ಮೇ ಕೊನೆಗೆ ಮೆಣಸಿಗೆ ಹೊಡೆಯಲು ಹೇಗೂ ಕಲಸುತ್ತೇವೆ, ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಎಲೆಯ ಬೂಷ್ಟು ತಡೆಯುವುದು ಮರದ ಪಾಚಿಯನ್ನೂ ತಡೆಯಬೇಕಲ್ಲ ಎಂದು ಉಳಿದದ್ದನ್ನು ಮೆಟ್ಟಿಲಿಗೆ ಹೊಡೆದೆ. ಆ ಮಳೆಗಾಲ ಮೆಟ್ಟಿಲಲ್ಲಿ ಪಾಚಿ ಕಟ್ಟಲೇ ಇಲ್ಲ, ಕಾಲು ಜಾರಲಿಲ್ಲ. ಆದರೆ ನೀಲಿ ಬಿಳಿ ಕಲೆ ಬೇಗ ಹೋಗುವುದಿಲ್ಲ, ಕಬ್ಬಿಣದ ಮೊಳೆ ಇದ್ದರೆ ತಾಮ್ರ ಅದನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಇರುವ ಹಿತ್ತಲಿನ ಮೆಟ್ಟಿಲಿಗೆ ಈಗಲೂ ಹೊಡೆಯುತ್ತೇನೆ, ಅತಿಥಿಗಳು ಕೂರುವ ಡೆಕ್ಕಿಗೆ ಇಲ್ಲ.

ದುಡ್ಡಿನ ಲೆಕ್ಕ ಸುಮಾರಾಗಿ ಹೇಳುತ್ತೇನೆ. ಮರ 16 ಸಾವಿರ, ಸ್ಕ್ರೂ ಒಂಬತ್ತು, ಟೇಪ್ ನಾಲ್ಕು, ಎಣ್ಣೆ ಮತ್ತು ಆಸಿಡ್ ಆರು, ಆಚಾರಿ ಮತ್ತು ಕೈಯಾಳು ಕೂಲಿ 27ರ ಹತ್ತಿರ, ಸ್ಯಾಂಡ್ ಪೇಪರ್ ಜಲ್ಲಿ ಅದು ಇದು ಸೇರಿ ಮೂರು. ಒಟ್ಟು 65 ಸಾವಿರ. ಎರಡೂವರೆ ಲಕ್ಷದ ಎದುರು ಇದು. ಜೊತೆಗೆ ತೇಗ ತೇಗವಾಗಿಯೇ ಉಳಿಯಿತು.

ನಿರ್ವಹಣೆ ದೊಡ್ಡದಲ್ಲ, ಬಿಡಬಾರದು ಅಷ್ಟೇ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಕಡ್ಡಿ ಪೊರಕೆಯಲ್ಲಿ ಎಲೆ ಗುಡಿಸುವುದು, ವಾರಕ್ಕೊಮ್ಮೆ ಸಂದಿಗೆ ತಗಡಿನ ಪಟ್ಟಿ ಎಳೆಯುವುದು. ನಾರಿನ ಮ್ಯಾಟ್ ಹಾಕಬೇಡಿ. ಆಂಥೂರಿಯಂ ಕುಂಡ ಇಟ್ಟರೆ ಕೆಳಗೆ ಗಾಳಿ ಆಡುವ ಸ್ಟ್ಯಾಂಡ್ ಇರಲಿ. ಮಳೆಗಾಲಕ್ಕೆ ಟಾರ್ಪಾಲ್ ಹೊದಿಸುವವರು ತುಂಬಾ ಇದ್ದಾರೆ, ದಯವಿಟ್ಟು ಬೇಡ, ಅಡಿಯಲ್ಲಿ ಬೆವರು ಕಟ್ಟಿ ಮರ ನಾಲ್ಕು ತಿಂಗಳು ಒದ್ದೆಯಾಗಿಯೇ ಇರುತ್ತದೆ. ವರ್ಷಕ್ಕೊಮ್ಮೆ ಜನವರಿಯಲ್ಲಿ ತೊಳೆದು ಒಂದು ತೆಳು ಕೋಟ್. ಪೊರೆ ಇಲ್ಲದ್ದರಿಂದ ಕೆರೆಯುವ ಕೆಲಸವೇ ಇಲ್ಲ. ಎಣ್ಣೆ ಕೂಲಿ ಸೇರಿ ಐದಾರು ಸಾವಿರದಲ್ಲಿ ಮುಗಿಯುತ್ತದೆ.

ಇನ್ನು ಉಳಿದಿರುವುದು ರೇಲಿಂಗ್. ಅದರ ಮೇಲಿನ ಕೈಮರ ಸಪಾಟಾಗಿದೆ, ನೀರು ನಿಲ್ಲುತ್ತದೆ, ಹಳೆ ವಾರ್ನಿಶ್ ಇನ್ನೂ ಅಲ್ಲಲ್ಲಿ ಅಂಟಿಕೊಂಡಿದೆ. ಬರುವ ಜನವರಿಗೆ ಅದನ್ನು ಬಿಚ್ಚಿ, ಮೇಲ್ಮೈಗೆ ಹೊರಗಡೆ ಓರೆ ಕೊಟ್ಟು, ಇದೇ ಎಣ್ಣೆ ಹಾಕುತ್ತೇನೆ. ಆಚಾರಿ ಈ ಸಲ ಕೇಳದೆಯೇ ಬರುತ್ತೇನೆ ಎಂದಿದ್ದಾರೆ.